ಕೃತ್ತಿಕೆಯ ಮಬ್ಬು

ಕಾರ್ತಿಕಮಾಸದ ಮುಸ್ಸಂಜೆಯಲ್ಲಿ ಪೂರ್ವದಿಕ್ಕಿನಲ್ಲಿ ಉದಯಿಸುವ ಕೃತ್ತಿಕಾಪುಂಜವನ್ನು ಅರಿಯದವರು ನಮ್ಮಲ್ಲಿ ವಿರಳ. ಅದರಲ್ಲಿನ ತಾರೆಗಳು ಆರೋ ಏಳೋ ಎಂಬ ವಾದವು ಬಹು ಹಳೆಯದು. ಆ ತಾರೆಗಳ ನಡುವೆ ಹಬ್ಬಿರುವ ಮಬ್ಬಿನ ವಿಷಯವಾಗಿ ಪಶ್ಚಿಮದ ಖಗೋಲಜ್ಞರಲ್ಲಿ ನಡೆದ ವಾದವಾದರೋ ಅಷ್ಟು ಪ್ರಸಿದ್ಧವಲ್ಲ. ಅದನ್ನೇ ಇಲ್ಲಿ ವಾಚಕರ ಮುಂದಿಡಲೆಳಸುತ್ತೇನೆ.

1859ನೆಯ ಇಸವಿಯ ಅಕ್ಟೋಬರಿನಲ್ಲಿ, ವೆನಿಸ್ ನಗರದಲ್ಲಿದ್ದ ವಿಲ್ಹೆಲ್ಮ್ ಟೆಂಪೆಲ್ ಎಂಬ ಜರ್ಮನನು ಮೆರೋಪೆ ಎಂಬ ತಾರೆಯ ಬಳಿ ಮಂಕಾದ ಬೆಳಕೊಂದನ್ನು ಕಂಡನು. ಈತನು ಶಿಲಾಮುದ್ರಣದ ಕಸುಬಿನವನು. ಈತನ ದೂರದರ್ಶಕದ ಗಾಜು ಕೇವಲ 4 ಅಂಗುಲದ್ದು. ಕನ್ನಡಿಯ ಮೇಲೆ ಬಿಟ್ಟ ಉಸಿರಿನ ಕಲೆಗೆ ಈತನು ಆ ಬೆಳಕನ್ನು ಹೋಲಿಸಿದನು. ಇದಕ್ಕಿಂತ ದೊಡ್ಡ ಯಂತ್ರಗಳನ್ನುಳ್ಳ ಕೆಲವರಿಗೆ ಅದು ಕಾಣಲೇ ಇಲ್ಲ. ಅದು ಇದೆಯೇ ಇಲ್ಲವೇ ಎಂದು ವರ್ಷಗಟ್ಟಲೆ ಸಂಶಯವುಳಿಯಿತು. ದೊಡ್ಡ ಯಂತ್ರದ ನೋಟದ ವಲಯವು ಕಿರಿದು. ಮಂದವಾದ ಬೆಳಕು ಆ ವಲಯವನ್ನೆಲ್ಲ ತುಂಬಿದರೆ ಅದರ ಅಂಚೇ ತೋರದೆ ಹೋಗುವುದು. ಯಂತ್ರ ದೊಡ್ಡದಾದ ಮಾತ್ರಕ್ಕೆ ನೋಟವೂ ದೊಡ್ಡದಾಗಬೇಕೆಂದಿಲ್ಲವಷ್ಟೆ! 1885ರಲ್ಲಿ ಪ್ಯಾರಿಸ್ಸಿನ ಆಂರಿ ಸೋದರರ ಛಾಯಾಚಿತ್ರದಲ್ಲಿ ಮಾಯಾ ಎಂಬ ತಾರೆಯ ಸುತ್ತಲೂ ಮಬ್ಬು ಮೂಡಿತು. ಮರುವರ್ಷ ಐಸಾಕ್ ರಾಬರ್ಟ್ಸನು ತೆಗೆದ ಚಿತ್ರದಲ್ಲಿ ಪುಂಜವೆಲ್ಲವೂ ಅದರಲ್ಲಿ ಮುಳುಗಿದಂತೆ ತೋರಿತು. ಟೆಂಪೆಲ್ ಆಗ ಇನ್ನೂ ಬದುಕಿದ್ದನೆಂಬುದು ನನಗೆ ಸಂತೋಷದ ವಿಷಯ. ಆತನು ತೀರಿಕೊಂಡುದು 1889ರಲ್ಲಿ.

ಮಬ್ಬಿರುವುದೇನೋ ನಿಶ್ಚಯವಾಯಿತು, ಅದು ಎಂತಹ ವಸ್ತು? ಉರಿಯುವ ಅನಿಲವಾಗಿದ್ದರೆ ಅದರ ವರ್ಣಪಟಲದಲ್ಲಿ ಬಿಡಿಬಿಡಿಯಾದ ಹೊಳೆಯುವ ರೇಖೆಗಳಿರಬೇಕು. 1912ರ ಡಿಸೆಂಬರಿನಲ್ಲಿ ಅಮೆರಿಕದ ಲೋವೆಲ್ ವೇಧಶಾಲೆಯಲ್ಲಿ ವೆಸ್ಟೋ ಸ್ಲೈಫರನು ಒಟ್ಟು 21 ಗಂಟೆಗಳ ಕಾಲ ಒಂದೇ ಫಲಕಕ್ಕೆ ಈ ಬೆಳಕನ್ನು ಬೀಳಿಸಿದನು. ಅಂತಹ ರೇಖೆಗಳು ಕಾಣಲಿಲ್ಲ. ಮೂಡಿದುದು ಪಕ್ಕದ ತಾರೆಗಳ ವರ್ಣಪಟಲವೇ. ಮಬ್ಬಿಗೆ ಸ್ವಂತ ಬೆಳಕಿಲ್ಲ; ಅದು ತಾರೆಗಳ ಬೆಳಕನ್ನು ಚದರಿಸುವ ಧೂಳು. ಧೂಳಿನ ಸೂಕ್ಷ್ಮಕಣಗಳು ನೀಲಿಯನ್ನೇ ಹೆಚ್ಚಾಗಿ ಚದರಿಸುವುದರಿಂದ ಚಿತ್ರಗಳಲ್ಲಿ ಅದಕ್ಕೆ ಆ ಬಣ್ಣ.

ಈ ಧೂಳು ತಾರೆಗಳ ಹುಟ್ಟಿನಿಂದ ಉಳಿದ ಶೇಷವೆಂದು ಬಹುಕಾಲ ನಂಬಿದ್ದರು. ನಂಬಿಕೆ ಅಂದವಾದುದೇ; ಆದರೆ ಪುಂಜದ ವಯಸ್ಸು ಸುಮಾರು 10 ಕೋಟಿ ವರ್ಷ. ಹುಟ್ಟಿದಂದಿನ ಮೋಡವು ಅಷ್ಟು ಕಾಲ ಚೆದುರದೆ ಉಳಿಯುವಂತಿಲ್ಲ. ಅಲ್ಲಿಯ ಅನಿಲದ ವೇಗವನ್ನು ಅಳೆದಾಗ ಅದು ತಾರೆಗಳ ವೇಗಕ್ಕೆ ಹೊಂದಲಿಲ್ಲ. ಮೋಡವು ಬೇರೆಲ್ಲಿಯದೋ, ತನ್ನ ದಾರಿಯಲ್ಲಿ ಸಾಗುತ್ತಿದ್ದ ಪುಂಜವು ಅದನ್ನು ಸಂಧಿಸಿ, ಈಗ ಅದರೊಳಗೆ ಹಾದುಹೋಗುತ್ತಿದೆ.