ಗಾಣದ ಎಣ್ಣೆಗೆ ಗಿರಾಕಿಗಳು ಯಾರಿದ್ದರು?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಎಣ್ಣೆಯ ಮಾತೆತ್ತಿದರೆ ಕಡಲೆಕಾಯಿಯೇ ಮುಂದೆ ಬಂದು ನಿಲ್ಲುತ್ತದೆ. ಊರ ಗಾಣ ನಿಂತುಹೋದ ಕಥೆಯನ್ನೂ ಅದಕ್ಕೇ ಗಂಟುಹಾಕುತ್ತಾರೆ: ಕಡಲೆಕಾಯಿ ಬಂತು, ಹಿಂದೆಯೇ ಮಿಲ್ಲು ಬಂತು, ಗಾಣಿಗರ ಎತ್ತಿಗೆ ಕೆಲಸ ತಪ್ಪಿತು. ಇದರಲ್ಲಿ ನಿಜ ಇಲ್ಲವೆಂದಲ್ಲ, ಆದರೆ ಅರ್ಧ ಮಾತ್ರ. ಗಾಣ ಬರೀ ಒಗ್ಗರಣೆಗೆಂದು ತಿರುಗುತ್ತಿರಲಿಲ್ಲ. ದೀಪ, ಗಾಡಿಯ ಅಚ್ಚು, ಬಾವಿಯ ರಾಟೆ, ತೊಗಲಿನ ಸಾಮಾನು ಎಲ್ಲಕ್ಕೂ ಎಣ್ಣೆ ಬೇಕಿತ್ತು. ಈ ಗಿರಾಕಿಗಳು ಒಂದೊಂದಾಗಿ ಕೈಬಿಟ್ಟದ್ದೇ ಗಾಣದ ಬುಡವನ್ನು ಅಲುಗಿಸಿತು ಎಂಬುದು ನನ್ನ ವಾದ.

ಹಳೆಯ ಕನ್ನಡ ಶಾಸನಗಳಲ್ಲಿ ಗಾಣ ಕಾಣಿಸಿಕೊಳ್ಳುವುದು ಹೆಚ್ಚಾಗಿ ಎರಡು ಕಡೆ. ಒಂದು, ಗಾಣದೆರೆ ಎಂಬ ತೆರಿಗೆಯಲ್ಲಿ. ಇನ್ನೊಂದು, ದೇವಸ್ಥಾನದ ನಂದಾದೀವಿಗೆಗೆ ಬಿಟ್ಟ ಎಣ್ಣೆಯಲ್ಲಿ. ಅಡುಗೆಮನೆಯ ಲೆಕ್ಕವನ್ನು ಕಲ್ಲಿನಲ್ಲಿ ಯಾರು ಕೆತ್ತಿಸುತ್ತಾರೆ ಎಂದು ಕೇಳಬಹುದು, ಅದು ಸರಿಯೇ. ಹಾಗಾಗಿ ಶಾಸನವನ್ನು ಬಿಟ್ಟು ಹೊಲದ ಕಡೆ ನೋಡೋಣ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಸಿರಾಗಳನ್ನು ಹಾದುಹೋದ. ಅವನ ಪ್ರವಾಸದ ಬರಹ 1807ರಲ್ಲಿ ಅಚ್ಚಾಯಿತು. ಮೈಸೂರು ಸೀಮೆಯ ಬೆದ್ದಲಿನಲ್ಲಿ ಅವನು ಮತ್ತೆ ಮತ್ತೆ ಗುರುತಿಸುವ ಎಣ್ಣೆಬೀಜಗಳು ಹರಳು, ಹುಚ್ಚೆಳ್ಳು, ಎಳ್ಳು. ಕಡಲೆಕಾಯಿ ಈ ಬಯಲನ್ನು ಆವರಿಸಿದ್ದು 20ನೇ ಶತಮಾನದಲ್ಲಿ. ಹರಳಿನ ಜೊತೆಗೆ ಕೆರೆ ಏರಿ, ಹಳ್ಳದ ಅಂಚಿನ ಹೊಂಗೆಯನ್ನೂ ಹಿಪ್ಪೆಯನ್ನೂ ಸೇರಿಸಿಕೊಂಡರೆ, ಊರಿನ ಎಣ್ಣೆಯಲ್ಲಿ ತಿನ್ನದ ಎಣ್ಣೆಯ ಪಾಲು ಸಣ್ಣದಾಗಿರಲಿಲ್ಲ ಎಂಬುದು ತಿಳಿಯುತ್ತದೆ.

ಆ ಎಣ್ಣೆಯ ಒಂದು ದಾರಿಯನ್ನು ಹತ್ತಿರದಿಂದ ನೋಡಬೇಕು. ಮರದ ಗಾಲಿಯ ಗಾಡಿ ಹೊರಡುವ ಮುಂಚೆ ಕಡಾಣಿ ಕಿತ್ತು, ಗಾಲಿಯನ್ನು ಅರ್ಧ ಹೊರಗೆಳೆದು, ಅಚ್ಚಿನ ಸುತ್ತ ಕೀಲೆಣ್ಣೆ ಬಳಿಯುತ್ತಿದ್ದರು. ಹುಲ್ಲು ಸುಟ್ಟ ಕರಿಯನ್ನು ನುಣ್ಣಗೆ ಅರೆದು ಹರಳೆಣ್ಣೆಯಲ್ಲಿ ಕಲಸಿದರೆ ಕೀಲೆಣ್ಣೆ. ಬರೀ ಎಣ್ಣೆ ಗುಂಬದಿಂದ ಸೋರಿಹೋಗುತ್ತದೆ; ಕರಿ ಬೆರೆತರೆ ಮಂದವಾಗಿ ಅಚ್ಚಿಗೇ ಕಚ್ಚಿಕೊಳ್ಳುತ್ತದೆ. ಬಳಿಯದೆ ಹೊರಟರೆ ಗಾಲಿ ಕಿರುಗುಟ್ಟುವುದಷ್ಟೇ ಅಲ್ಲ, ಅಚ್ಚು ಸವೆಯುತ್ತದೆ, ಎತ್ತಿನ ಹೆಗಲಿಗೆ ಭಾರ ಬೀಳುತ್ತದೆ. ಸಂತೆಗೆ, ಜಾತ್ರೆಗೆ, ಗೊಬ್ಬರ ಹೊಡೆಯುವುದಕ್ಕೆ ಗಾಡಿಯೇ ಗತಿಯಾಗಿದ್ದ ಸೀಮೆಯಲ್ಲಿ ಇದು ವರ್ಷವಿಡೀ ನಡೆಯುವ ಖರ್ಚು. ಕಪಿಲೆ ಬಾವಿಯದೂ ಅದೇ ಪಾಡು: ರಾಟೆ ಸಲೀಸಾಗಿ ತಿರುಗಬೇಕು, ನೀರಿನಲ್ಲಿ ನೆಂದು ಬಿಸಿಲಲ್ಲಿ ಒಣಗುವ ತೊಗಲಿನ ಬಾನಿ ಬಿರಿಯದಂತೆ ಎಣ್ಣೆ ಉಣಿಸಬೇಕು.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಹರಳೆಣ್ಣೆಯನ್ನು ಎಷ್ಟೋ ಮನೆಗಳಲ್ಲಿ ಹೆಂಗಸರೇ ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೇಲಿದ್ದನ್ನು ತೆಗೆದುಕೊಳ್ಳುತ್ತಿದ್ದರು. ಗಾಣಿಗರಿಗೆ ಅದರಲ್ಲಿ ಏನು ಪಾಲು? ಒಪ್ಪಬೇಕಾದ ಮಾತೇ. ಆದರೆ ಹೊಂಗೆ, ಹಿಪ್ಪೆ, ಎಳ್ಳು, ಹುಚ್ಚೆಳ್ಳು ಗಾಣಕ್ಕೇ ಬರಬೇಕಿತ್ತು. ಮನೆಮನೆಯ ದೀಪಕ್ಕೆ ಉರಿದದ್ದು ಹರಳೆಣ್ಣೆಯಷ್ಟೇ ಅಲ್ಲ, ಹೊಂಗೆ ಎಣ್ಣೆಯೂ ಹೌದು. 19ನೇ ಶತಮಾನದ ಕೊನೆಯ ಹೊತ್ತಿಗೆ ಸೀಮೆಎಣ್ಣೆ ಹಳ್ಳಿಗಳತ್ತ ಬರತೊಡಗಿದಾಗ ಮೊದಲು ಕಡಿದುಹೋದದ್ದು ಈ ಗಿರಾಕಿ. ಆಮೇಲೆ ಟೈರು ಗಾಡಿ ಬೇರಿಂಗಿನ ಜೊತೆಗೆ ಡಬ್ಬಿಯ ಗ್ರೀಸನ್ನೂ ತಂದಿತು. ಪಂಪ್‌ಸೆಟ್ಟು ಕಪಿಲೆಯನ್ನು ಮೂಲೆಗೆ ತಳ್ಳಿತು. ಇವು ಯಾವುವೂ ಎಣ್ಣೆ ಮಿಲ್ಲಿನ ಕೆಲಸವಲ್ಲ.

ಮಿಲ್ಲು ಬೀಜದಿಂದ ಹೆಚ್ಚು ಎಣ್ಣೆ ತೆಗೆಯುತ್ತದೆ, ಸೋತದ್ದು ಗಾಣದ ಕಸುವೇ ಎಂದು ಇನ್ನು ಕೆಲವರು ಹೇಳುತ್ತಾರೆ. ಆ ಕೊರತೆ ನೀಗಿಸಲೆಂದೇ 1934ರಲ್ಲಿ ಗಾಂಧೀಜಿ ಕಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದಲ್ಲಿ ಝವೇರಭಾಯಿ ಪಟೇಲ್ ಗಾಣವನ್ನು ತಿದ್ದಿ ವಾರ್ಧಾ ಗಾಣ ರೂಪಿಸಿದರು. ಮುಂದೆ ಖಾದಿ ಗ್ರಾಮೋದ್ಯೋಗದವರು ಅದನ್ನು ದೇಶದಲ್ಲೆಲ್ಲ ಹಂಚಿದರು. ಗಾಣ ಸುಧಾರಿಸಿತು, ಗಾಣಿಗರ ಬದುಕು ಸುಧಾರಿಸಲಿಲ್ಲ. ಮೇಲಾಗಿ, ಹಿಂಡಿಯಲ್ಲಿ ಉಳಿದ ಎಣ್ಣೆ ನಷ್ಟ ಎನ್ನುವುದು ಮಿಲ್ಲಿನವರ ಲೆಕ್ಕ. ಎಳ್ಳಿಂಡಿ, ಕಡಲೆಕಾಯಿ ಹಿಂಡಿ ತಿನ್ನುವ ದನವಿರುವ ರೈತನಿಗೆ ಆ ಎಣ್ಣೆ ಎಲ್ಲೂ ಹೋಗುತ್ತಿರಲಿಲ್ಲ. ಹೊಂಗೆಯ ಹಿಂಡಿ ಗೊಬ್ಬರವಾಗುತ್ತಿತ್ತು. ಮಿಲ್ಲಿಗೆ ಬಲ ಬಂದದ್ದು ಊರಾಚೆಯ ಮಾರುಕಟ್ಟೆಯಿಂದ. ಪಾವಗಡದ ಪಶ್ಚಿಮಕ್ಕಿರುವ ಚಳ್ಳಕೆರೆ ಎಣ್ಣೆ ನಗರವೆಂದು ಹೆಸರು ಮಾಡಿದ್ದು ಆ ಮಾರುಕಟ್ಟೆಯ ಮೇಲೆಯೇ. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದಾಗ ಪೆಟ್ಟು ತಿಂದವರು ಅದೇ ಮಿಲ್ಲಿನವರು. ಅಡುಗೆಯ ಒಂದೇ ಗಿರಾಕಿಯನ್ನು ನಂಬಿದವರಿಗೆ ಆದದ್ದು ಇದು.

ಈಗ ಪಟ್ಟಣಗಳಲ್ಲಿ ಮರದ ಗಾಣದ ಎಣ್ಣೆಗೆ ಮತ್ತೆ ಬೆಲೆ ಬಂದಿದೆ. ಅಲ್ಲಿ ಆಡಿಸುವುದು ಕಡಲೆಕಾಯಿ, ಕೊಬ್ಬರಿ, ಎಳ್ಳು. ಕೊಳ್ಳುವವರು ಅಡುಗೆಗೆ ಕೊಳ್ಳುತ್ತಾರೆ. ಇದು ಒಳ್ಳೆಯದೇ, ಆದರೆ ಇದನ್ನು ಹಳೆಯ ಗಾಣದ ಮರುಹುಟ್ಟು ಎನ್ನಲು ನಾನು ಒಪ್ಪಲಾರೆ. ಊರಿನ ಏರಿಯ ಹೊಂಗೆಕಾಯಿ ಊರಿನಲ್ಲೇ ಎಣ್ಣೆಯಾಗಿ, ಹಿಂಡಿ ಅದೇ ಊರಿನ ಹೊಲಕ್ಕೆ ಬೀಳುತ್ತಿದ್ದ ಏರ್ಪಾಡು ಅದರಲ್ಲಿಲ್ಲ. ಹೊಂಗೆ ಮರಗಳು ಈ ಸೀಮೆಯಲ್ಲಿ ಇಂದಿಗೂ ಕಾಯಿ ಬಿಡುತ್ತಿವೆ. ಬೀಜ ಆಯ್ದವರು ಅದನ್ನು ಚೀಲಕ್ಕೆ ತುಂಬಿ ವ್ಯಾಪಾರಿಗೆ ಮಾರುತ್ತಾರೆ, ಹಿಂಡಿಯನ್ನು ರೈತರು ಗೊಬ್ಬರದಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತಾರೆ.