ಸಮುದಾಯ ಆಧಾರಿತ ತೀವ್ರ ಅಪೌಷ್ಟಿಕತೆ ನಿರ್ವಹಣೆ

ಸಮುದಾಯ ಆಧಾರಿತ ತೀವ್ರ ಅಪೌಷ್ಟಿಕತೆ ನಿರ್ವಹಣೆ ಎಂದರೆ ತೀವ್ರ ಅಪೌಷ್ಟಿಕತೆಗೆ ಒಳಗಾದ ಮಕ್ಕಳನ್ನು ಸಾಧ್ಯವಾದ ಮಟ್ಟಿಗೆ ಆಸ್ಪತ್ರೆಗೆ ಸೇರಿಸದೆ, ಅವರ ಮನೆಯಲ್ಲಿಯೇ ಇರಿಸಿ ಗುಣಪಡಿಸುವ ಆರೋಗ್ಯ ಸೇವಾ ಪದ್ಧತಿ. ಇದು ಮುಖ್ಯವಾಗಿ 6 ರಿಂದ 59 ತಿಂಗಳ ವಯಸ್ಸಿನ ಮಕ್ಕಳಿಗೆ ಸಂಬಂಧಿಸಿದುದು. ಊರಿನ ಕಾರ್ಯಕರ್ತೆಯರು ಮಕ್ಕಳನ್ನು ಗುರುತಿಸುತ್ತಾರೆ. ಸಮೀಪದ ಆರೋಗ್ಯ ಕೇಂದ್ರವು ಸಾಮಾನ್ಯವಾಗಿ ವಾರಕ್ಕೊಮ್ಮೆ ತಪಾಸಣೆ ನಡೆಸಿ ಆಹಾರವನ್ನೂ ಔಷಧವನ್ನೂ ಒದಗಿಸುತ್ತದೆ. ಉಣಿಸುವ ಹೊಣೆ ತಾಯಿಯದು. ಇತರ ಕಾಯಿಲೆಗಳಿಂದ ಸ್ಥಿತಿ ಬಿಗಡಾಯಿಸಿದ ಮಕ್ಕಳು ಮಾತ್ರ ಒಳರೋಗಿಗಳಾಗಿ ದಾಖಲಾಗುತ್ತಾರೆ. 2000ದಲ್ಲಿ ಇಥಿಯೋಪಿಯದಲ್ಲಿ ಮೊದಲು ಪ್ರಯೋಗಕ್ಕೆ ಬಂದ ಈ ಪದ್ಧತಿಯನ್ನು 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವ ಆಹಾರ ಕಾರ್ಯಕ್ರಮಗಳು ವಿಶ್ವಸಂಸ್ಥೆಯ ಪೌಷ್ಟಿಕತೆಯ ಸ್ಥಾಯಿ ಸಮಿತಿಯೊಡನೆ ಜಂಟಿ ಹೇಳಿಕೆಯ ಮೂಲಕ ಅನುಮೋದಿಸಿದವು.

ತೀವ್ರ ಅಪೌಷ್ಟಿಕತೆಯ ಲಕ್ಷಣಗಳು

ಮಕ್ಕಳ ಅಪೌಷ್ಟಿಕತೆಯಲ್ಲಿ ಹಲವು ಬಗೆಗಳಿವೆ. ದೀರ್ಘಕಾಲ ಪೋಷಣೆ ಸಾಲದಿದ್ದರೆ ಮಗುವಿನ ಎತ್ತರ ವಯಸ್ಸಿಗೆ ತಕ್ಕಂತೆ ಬೆಳೆಯುವುದಿಲ್ಲ. ಇದು ಕುಂಠಿತ ಬೆಳವಣಿಗೆ. ಎತ್ತರಕ್ಕೆ ಹೋಲಿಸಿದಾಗ ತೂಕ ಬಹಳ ಕಡಿಮೆಯಿದ್ದರೆ ಅದು ಕೃಶತೆ. ಅತಿಯಾದ ಕೃಶತೆಯನ್ನು ಮರಾಸ್ಮಸ್ ಎನ್ನುತ್ತಾರೆ. ಎರಡೂ ಪಾದಗಳಲ್ಲಿ ನೀರು ತುಂಬಿ ಬಾವು ಬರುವ ರೂಪಕ್ಕೆ ಕ್ವಾಷಿಯೋರ್ಕರ್ ಎಂದು ಹೆಸರು; ಈ ಪದ ಪಶ್ಚಿಮ ಆಫ್ರಿಕದ ಗಾ ಭಾಷೆಯಿಂದ ಬಂದುದು.

ತೋಳಿನ ನಡುಭಾಗದ ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆ ಇದ್ದರೆ, ಅಥವಾ ಎತ್ತರಕ್ಕೆ ತಕ್ಕ ತೂಕವು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಅತಿ ಕೆಳಗಿನ ಮಟ್ಟದಲ್ಲಿದ್ದರೆ, ಅಥವಾ ಎರಡೂ ಪಾದಗಳಲ್ಲಿ ಬಾವು ಕಂಡರೆ ಅದನ್ನು ಅತಿ ತೀವ್ರ ಅಪೌಷ್ಟಿಕತೆ ಎಂದು ಪರಿಗಣಿಸಲಾಗುತ್ತದೆ. ಸುತ್ತಳತೆ 115 ಮತ್ತು 125 ಮಿಲಿಮೀಟರುಗಳ ನಡುವೆ ಇದ್ದರೆ ಅದು ಮಧ್ಯಮ ಪ್ರಮಾಣದ್ದು. ಇಂತಹ ಮಕ್ಕಳ ಸಾವಿಗೆ ನೇರ ಕಾರಣವಾಗುವುದು ಬಹುತೇಕ ಅತಿಸಾರ, ನ್ಯುಮೋನಿಯದಂತಹ ಸೋಂಕುಗಳು. ಆದುದರಿಂದ ಮರಣದ ದಾಖಲೆಯಲ್ಲಿ ಅಪೌಷ್ಟಿಕತೆಯ ಹೆಸರು ಅನೇಕ ವೇಳೆ ಕಾಣಿಸುವುದೇ ಇಲ್ಲ.

ಹಿನ್ನೆಲೆ

1990ರ ದಶಕದವರೆಗೆ ಇಂತಹ ಮಕ್ಕಳಿಗೆ ಆಸ್ಪತ್ರೆ ಅಥವಾ ಚಿಕಿತ್ಸಾ ಆಹಾರ ಕೇಂದ್ರಗಳೇ ಗತಿಯಾಗಿದ್ದವು. ಅಲ್ಲಿ ಎಫ್-75 ಮತ್ತು ಎಫ್-100 ಎಂಬ ಹಾಲಿನ ಮಿಶ್ರಣಗಳನ್ನು ದಿನಕ್ಕೆ ಹಲವು ಬಾರಿ ಕುಡಿಸಲಾಗುತ್ತಿತ್ತು. ಈ ಹಾಲನ್ನು ಶುದ್ಧ ನೀರಿನಲ್ಲಿ ಕಲಸಬೇಕು. ಕಲಸಿಟ್ಟರೆ ಬೇಗ ಕೆಡುತ್ತದೆ. ಆದ್ದರಿಂದ ಅದನ್ನು ಮನೆಗೆ ಕೊಟ್ಟು ಕಳುಹಿಸುವಂತಿರಲಿಲ್ಲ. ತಾಯಿ ಮಗುವಿನೊಡನೆ ವಾರಗಟ್ಟಲೆ ಕೇಂದ್ರದಲ್ಲಿಯೇ ಇರಬೇಕಾಗಿತ್ತು.

ಬಡ ಕುಟುಂಬಕ್ಕೆ ಇದು ಭರಿಸಲಾಗದ ಹೊರೆ. ತಾಯಿ ಮನೆಯಲ್ಲಿಲ್ಲದಿದ್ದರೆ ಆ ದಿನಗಳ ಕೂಲಿ ತಪ್ಪುತ್ತದೆ, ಬಿತ್ತನೆ ಅಥವಾ ಕಳೆಯ ಕೆಲಸ ನಿಲ್ಲುತ್ತದೆ, ಮನೆಯಲ್ಲಿ ಉಳಿದ ಮಕ್ಕಳಿಗೆ ಉಣಿಸುವವರಿರುವುದಿಲ್ಲ. ಒಂದು ಮಗುವನ್ನು ಉಳಿಸಿಕೊಳ್ಳಲು ಹೋಗಿ ಮತ್ತೊಂದು ಮಗು ಸೊರಗುವ ಭಯದಿಂದ ಅನೇಕ ತಾಯಂದಿರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗುತ್ತಿದ್ದರು. ಕೇಂದ್ರಗಳು ಕಿಕ್ಕಿರಿದಾಗ ಸೋಂಕು ಒಂದು ಮಗುವಿನಿಂದ ಇನ್ನೊಂದಕ್ಕೆ ಹರಡುತ್ತಿತ್ತು. ಕೇಂದ್ರದೊಳಗಿನ ಚಿಕಿತ್ಸೆ ಎಷ್ಟೇ ಉತ್ತಮವಾಗಿದ್ದರೂ ಅಗತ್ಯವಿದ್ದ ಮಕ್ಕಳಲ್ಲಿ ಬಹುಪಾಲು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ.

ಇತಿಹಾಸ

ಮನೆಯಲ್ಲಿಯೇ ಆರೈಕೆ ಸಾಧ್ಯವೆಂಬುದಕ್ಕೆ ಆಧಾರಗಳು ಮೊದಲೇ ದೊರೆತಿದ್ದವು. ಬಾಂಗ್ಲಾದೇಶದ ಢಾಕಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಸ್ಪತ್ರೆವಾಸ, ಹಗಲು ಆರೈಕೆ ಮತ್ತು ಮನೆ ಆರೈಕೆಗಳನ್ನು ಹೋಲಿಸಿ ನೋಡಿತು. ಮನೆ ಆರೈಕೆಗೆ ವೆಚ್ಚ ಅತ್ಯಂತ ಕಡಿಮೆ ಎಂಬುದು ಅದರಿಂದ ತಿಳಿದುಬಂದಿತು.

1996ರ ಸುಮಾರಿಗೆ ಫ್ರಾನ್ಸಿನ ಆಂದ್ರೆ ಬ್ರಿಯಾಂ ಮತ್ತು ಮಿಶೆಲ್ ಲೆಸ್ಕಾನ್ ಸಿದ್ಧ ಚಿಕಿತ್ಸಾ ಆಹಾರವನ್ನು ರೂಪಿಸಿದರು. ಕಡಲೆಕಾಯಿ ಹಿಟ್ಟು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವ ಮತ್ತು ಖನಿಜಗಳನ್ನು ಅರೆದು ಮಾಡಿದ ಈ ಮಿಶ್ರಣಕ್ಕೆ ನೀರು ಬೆರೆಸಬೇಕಾಗಿಲ್ಲ, ಬೇಯಿಸಬೇಕಾಗಿಯೂ ಇಲ್ಲ. ನೀರಿನಂಶ ಅತ್ಯಲ್ಪವಾದ್ದರಿಂದ ಸೂಕ್ಷ್ಮಜೀವಿಗಳು ಸುಲಭವಾಗಿ ಬೆಳೆಯುವುದಿಲ್ಲ. 92 ಗ್ರಾಂನ ಒಂದು ಪೊಟ್ಟಣದಲ್ಲಿ ಸುಮಾರು 500 ಕಿಲೋಕ್ಯಾಲರಿ ಶಕ್ತಿಯಿದೆ.

ಇದು ಕೈಗೆ ಬಂದ ಮೇಲೆ ವೈದ್ಯ ಸ್ಟೀವ್ ಕಾಲಿನ್ಸ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಇಥಿಯೋಪಿಯದಲ್ಲಿ ಹೊರರೋಗಿ ಚಿಕಿತ್ಸೆಯನ್ನು ಆರಂಭಿಸಿದರು. ಮುಂದೆ ಅದು ಸುಡಾನ್ ಮತ್ತು ಮಲಾವಿಗಳಿಗೆ ವಿಸ್ತರಿಸಿತು. 2001ರಿಂದ 2005ರವರೆಗೆ ಈ ದೇಶಗಳ 21 ಕಾರ್ಯಕ್ರಮಗಳಲ್ಲಿ 23,511 ಮಕ್ಕಳಿಗೆ ಚಿಕಿತ್ಸೆ ನೀಡಲಾಯಿತು. ಅವರಲ್ಲಿ ಶೇಕಡ 79.4 ಮಕ್ಕಳು ಚೇತರಿಸಿಕೊಂಡರು. ಮರಣ ಪ್ರಮಾಣ ಶೇಕಡ 4.1 ಆಗಿತ್ತು. ಸುಮಾರು ಶೇಕಡ 76 ಮಕ್ಕಳು ಒಂದು ದಿನವೂ ಒಳರೋಗಿಗಳಾಗದೆ ಚಿಕಿತ್ಸೆ ಪಡೆದರು.

ಕಾರ್ಯವಿಧಾನ

ಈ ಪದ್ಧತಿಯಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿವೆ.

1. ಸಮುದಾಯದ ಪಾಲ್ಗೊಳ್ಳುವಿಕೆ: ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬಣ್ಣದ ಪಟ್ಟಿಯಿಂದ ಮಕ್ಕಳ ತೋಳನ್ನು ಅಳೆಯುತ್ತಾರೆ. ಕೆಂಪು ಬಣ್ಣ ಅಪಾಯವನ್ನೂ ಹಳದಿ ಎಚ್ಚರಿಕೆಯನ್ನೂ ಹಸಿರು ಕ್ಷೇಮವನ್ನೂ ಸೂಚಿಸುತ್ತದೆ. ಅಕ್ಷರ ಬಾರದವರೂ ಇದನ್ನು ಬಳಸಬಲ್ಲರು. ನೈಜರ್ ದೇಶದಲ್ಲಿ ತಾಯಂದಿರಿಗೇ ಪಟ್ಟಿ ಕೊಟ್ಟು ಅಳತೆ ಕಲಿಸಿದ ಪ್ರಯೋಗ ಯಶಸ್ವಿಯಾಗಿದೆ.

2. ಹೊರರೋಗಿ ಚಿಕಿತ್ಸೆ: ಹೆಬ್ಬೆರಳಿನಿಂದ ಪಾದಗಳನ್ನು ಒತ್ತಿ ಬಾವು ಇದೆಯೇ ಎಂದು ನೋಡಲಾಗುತ್ತದೆ. ಅನಂತರ ಹಸಿವಿನ ಪರೀಕ್ಷೆ. ಚಿಕಿತ್ಸಾ ಆಹಾರವನ್ನು ಮಗು ತಾನಾಗಿ ತಿಂದರೆ ಮನೆ ಆರೈಕೆಗೆ ಅರ್ಹವೆಂದು ತೀರ್ಮಾನಿಸುತ್ತಾರೆ. ತೂಕಕ್ಕೆ ಅನುಗುಣವಾಗಿ ಒಂದು ವಾರದ ಆಹಾರವನ್ನೂ ಅಗತ್ಯ ಔಷಧಗಳನ್ನೂ ಕೊಡುತ್ತಾರೆ.

3. ಒಳರೋಗಿ ಚಿಕಿತ್ಸೆ: ಹಸಿವೇ ಇಲ್ಲದ, ವಿಪರೀತ ಜ್ವರ, ನಿರ್ಜಲೀಕರಣ ಅಥವಾ ಉಸಿರಾಟದ ತೊಂದರೆಯಿರುವ ಮಕ್ಕಳನ್ನು ಆಸ್ಪತ್ರೆಗೆ ಸೇರಿಸಲಾಗುತ್ತದೆ. ಸ್ಥಿತಿ ಸುಧಾರಿಸಿದ ಮೇಲೆ ಅವರೂ ಮನೆ ಆರೈಕೆಗೆ ಮರಳುತ್ತಾರೆ.

4. ಪೂರಕ ಆಹಾರ: ಮಧ್ಯಮ ಪ್ರಮಾಣದ ಅಪೌಷ್ಟಿಕತೆಯಿರುವ ಮಕ್ಕಳು ಇನ್ನಷ್ಟು ಕೃಶರಾಗದಂತೆ ತಡೆಯುವುದು ಇದರ ಉದ್ದೇಶ.

ಭಾರತದಲ್ಲಿ

ಭಾರತದಲ್ಲಿ ಈ ಕಾರ್ಯಕ್ಕೆ ಅಂಗನವಾಡಿಯೇ ಸಹಜ ತಳಹದಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅದಕ್ಕೆ ಆಯ್ಕೆಯಾಗಿತ್ತು. ಆದರೆ ಅತಿ ತೀವ್ರ ಅಪೌಷ್ಟಿಕತೆಯ ಚಿಕಿತ್ಸೆ ಬಹುಕಾಲ ಆಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರಗಳನ್ನೇ ಅವಲಂಬಿಸಿತ್ತು. ಮಹಾರಾಷ್ಟ್ರವು ಅಂಗನವಾಡಿ ಮಟ್ಟದಲ್ಲಿ ಗ್ರಾಮ ಬಾಲ ವಿಕಾಸ ಕೇಂದ್ರಗಳನ್ನು ನಡೆಸಿತು. ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ ಜನ ಸ್ವಾಸ್ಥ್ಯ ಸಹಯೋಗ ಸಂಸ್ಥೆಯು ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ‘ಫುಲ್ವಾರಿ’ ಎಂಬ ಶಿಶುವಿಹಾರಗಳನ್ನು ತೆರೆಯಿತು. 2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕಾರ್ಯವಿಧಾನವು ಹಸಿವಿನ ಪರೀಕ್ಷೆಯನ್ನು ಅಂಗನವಾಡಿಗೇ ತಂದಿತು. ತೊಡಕಿಲ್ಲದ ಮಕ್ಕಳನ್ನು ಅಲ್ಲಿಯೇ ಆರೈಕೆ ಮಾಡುವಂತೆ ಸೂಚಿಸಿತು.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿಯಾಗಿ ಕೃಶರಾದವರು ದೇಶದಲ್ಲಿ ಶೇಕಡ 7.7, ಕರ್ನಾಟಕದಲ್ಲಿ ಶೇಕಡ 8.4. ರಾಯಚೂರು ಜಿಲ್ಲೆಯಲ್ಲಿ ಮಕ್ಕಳ ಸಾವುಗಳ ವರದಿಗಳು ಬಂದ ಬಳಿಕ ಕರ್ನಾಟಕ ಉಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಎನ್. ಕೆ. ಪಾಟೀಲ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿತ್ತು.

ಟೀಕೆಗಳು ಮತ್ತು ಮಿತಿಗಳು

ಪೊಟ್ಟಣದ ಆಹಾರವನ್ನು ಕುರಿತು ಭಾರತದಲ್ಲಿ ತೀವ್ರ ಚರ್ಚೆ ನಡೆದಿದೆ. ಅದು ತಾಯಿಯ ಹಾಲನ್ನೂ ಮನೆಯ ಅಡುಗೆಯನ್ನೂ ಬದಿಗೊತ್ತಬಹುದು, ಹಸಿವನ್ನು ವ್ಯಾಪಾರದ ಸರಕಾಗಿಸಬಹುದು ಎಂಬುದು ಒಂದು ವಾದ. 2017ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಅದರ ಬಳಕೆಯ ಬಗ್ಗೆ ರಾಜ್ಯಗಳಿಗೆ ಪತ್ರ ಬರೆದು ಆಕ್ಷೇಪ ವ್ಯಕ್ತಪಡಿಸಿತು. ಮೊಟ್ಟೆ, ಹಾಲು, ಬೇಳೆ, ಕಡಲೆಕಾಯಿ, ಬೆಲ್ಲ, ಎಣ್ಣೆಗಳಿಂದ ಸ್ಥಳೀಯವಾಗಿಯೇ ಶಕ್ತಿಯುತ ಆಹಾರ ತಯಾರಿಸಬಹುದೆಂದು ವಿರೋಧಿಗಳು ಹೇಳುತ್ತಾರೆ. ಪ್ರಾಣಾಪಾಯದಲ್ಲಿರುವ ಮಗುವಿಗೆ ಬೇಕಾದ ಪೋಷಕಾಂಶಗಳನ್ನು ನಿಖರ ಪ್ರಮಾಣದಲ್ಲಿ ಒದಗಿಸಲು ಸಿದ್ಧ ಆಹಾರವೇ ಸುರಕ್ಷಿತವೆಂದು ಸಮರ್ಥಕರು ಉತ್ತರಿಸುತ್ತಾರೆ.

ಚೇತರಿಸಿಕೊಂಡ ಮಗು ಮತ್ತೆ ಕೃಶವಾಗುವುದು ಇನ್ನೊಂದು ಸಮಸ್ಯೆ. ಮಗು ಮರಳುವುದು ಅದೇ ಮನೆಗೆ, ಅದೇ ಕಲುಷಿತ ನೀರಿಗೆ, ಅದೇ ಕೂಲಿಗೆ. ಕುಟುಂಬ ಗುಳೆ ಹೋದರೆ ಚಿಕಿತ್ಸೆ ನಡುವೆಯೇ ನಿಲ್ಲುತ್ತದೆ. ಹಲವು ಹೊಣೆಗಳನ್ನು ಹೊತ್ತ ಅಂಗನವಾಡಿ ಕಾರ್ಯಕರ್ತೆಗೆ ಇದು ಮತ್ತೊಂದು ಹೊರೆಯೂ ಹೌದು. ಈ ಪದ್ಧತಿಯು ಮಗುವಿನ ಪ್ರಾಣವನ್ನು ಉಳಿಸಬಲ್ಲದು. ಅಪೌಷ್ಟಿಕತೆಯ ಮೂಲವಾದ ಬಡತನ, ಶುಚಿತ್ವದ ಅಭಾವ ಮತ್ತು ತಾಯಂದಿರ ದುಃಸ್ಥಿತಿಗಳನ್ನು ಇದೊಂದೇ ನಿವಾರಿಸಲಾರದು.