ಯಂತ್ರದ ಸರದಿ, ಸರಕಿನ ಹಾದಿ

ಇಂದು ಯಾವ ಯಂತ್ರಕ್ಕೆ ಯಾವ ಕೆಲಸ ಕೊಡಬೇಕು ಎಂಬುದು ಕಾರ್ಖಾನೆಯ ಒಂದು ಪ್ರಶ್ನೆ. ಮುಂದಿನ ಮೂರು ತಿಂಗಳಿಗೆ ಎಷ್ಟು ಉಕ್ಕು, ಎಷ್ಟು ಬಿಡಿಭಾಗ ತರಿಸಬೇಕು, ಯಾವ ಗೋದಾಮಿಗೆ ಎಷ್ಟು ಮಾಲು ಕಳಿಸಬೇಕು ಎಂಬುದು ಇನ್ನೊಂದು. ಬಹುಕಾಲ ಈ ಎರಡಕ್ಕೂ ಬೇರೆ ಬೇರೆ ಜನ ಉತ್ತರ ಹುಡುಕಿದರು. ಹೆನ್ರಿ ಗ್ಯಾಂಟ್ ಕೆಲಸವನ್ನು ವೇಳೆಯ ಪಟ್ಟಿಯಾಗಿ ಬರೆದು ತೋರಿಸಿದರು. ಒಂದು ಸಲಕ್ಕೆ ಎಷ್ಟು ತಯಾರಿಸಿದರೆ ಖರ್ಚು ಕಡಿಮೆ ಎಂಬುದಕ್ಕೆ 1913ರಲ್ಲಿ ಫೋರ್ಡ್ ಹ್ಯಾರಿಸ್ ಸೂತ್ರ ಕೊಟ್ಟರು.

ಈ ಎರಡು ಉತ್ತರಗಳೂ ಕೂಡಿ ಬರದಿದ್ದರೆ ಏನಾಗುತ್ತದೆಂದು ಸ್ಪಷ್ಟವಾಗಿ ಕಂಡವರು ಎಂಐಟಿಯ ಜೇ ಫಾರೆಸ್ಟರ್. ಜನರಲ್ ಎಲೆಕ್ಟ್ರಿಕ್‌ನ ಕೆಂಟಕಿ ಕಾರ್ಖಾನೆಗಳಲ್ಲಿ ಒಮ್ಮೆ ಮೂರು ಪಾಳಿ ಕೆಲಸ, ಕೆಲವು ವರ್ಷಗಳ ಬಳಿಕ ಅರ್ಧ ಜನ ಮನೆಗೆ. ಮಾರುಕಟ್ಟೆಯ ಏರಿಳಿತವೇ ಕಾರಣ ಎಂದು ಎಲ್ಲರೂ ನಂಬಿದ್ದರು. ಫಾರೆಸ್ಟರ್ ಕಾಗದ, ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದರು: ಬೇಡಿಕೆ ಒಂದೇ ಸಮ ಇದ್ದರೂ ಕಂಪನಿಯ ಸ್ಟಾಕು ಮತ್ತು ನೇಮಕಾತಿಯ ನಿಯಮಗಳೇ ಈ ತೂಗಾಟವನ್ನು ಹುಟ್ಟಿಸಬಲ್ಲವು. 1958ರಲ್ಲಿ ಅವರು ಈ ವಿಚಾರವನ್ನು ಪ್ರಕಟಿಸಿದರು.

ಆಮೇಲೆ ಬಂದದ್ದು ಕಂಪ್ಯೂಟರಿನ ಕಾಲ. ಜೋಸೆಫ್ ಓರ್ಲಿಕಿ ರೂಪಿಸಿದ ಎಂಆರ್‌ಪಿ (ಸಾಮಗ್ರಿ ಅಗತ್ಯದ ಯೋಜನೆ) ಪದ್ಧತಿ ಸಿದ್ಧವಸ್ತುವಿನ ಬೇಡಿಕೆಯಿಂದ ಹಿಂದಕ್ಕೆ ಎಣಿಸುತ್ತಾ ಪ್ರತಿ ಬಿಡಿಭಾಗ ಯಾವಾಗ ಬೇಕೆಂದು ಹೇಳಿತು. ಅದು ದೊಡ್ಡ ಹೆಜ್ಜೆಯೇ. ಆದರೆ ಅದರ ಬುಡದಲ್ಲಿ ಒಂದು ಊಹೆಯಿತ್ತು: ಪ್ರತಿ ಭಾಗಕ್ಕೂ ಲೀಡ್ ಟೈಮ್, ಅಂದರೆ ಆರ್ಡರು ಬಿಟ್ಟಾಗಿನಿಂದ ಭಾಗ ಕೈಸೇರುವವರೆಗಿನ ಅವಧಿ, ನಿಗದಿಯಾಗಿದೆ, ಕಾರ್ಖಾನೆ ಖಾಲಿಯಿರಲಿ ತುಂಬಿರಲಿ ಅದು ಬದಲಾಗದು. ನನ್ನ ಮಟ್ಟಿಗೆ ಈ ಕ್ಷೇತ್ರದ ಅರ್ಧ ಚರಿತ್ರೆ ಈ ಒಂದು ಊಹೆಯೊಡನೆ ನಡೆದ ಜಗಳ. ಹತ್ತು ದಿನದಲ್ಲಿ ಬರಬೇಕಾದ ಗೇರ್ ಇಪ್ಪತ್ತು ದಿನ ತೆಗೆದುಕೊಂಡಿತೆನ್ನಿ. ಪ್ಲಾನಿಂಗ್ ವಿಭಾಗ ಲೀಡ್ ಟೈಮನ್ನು ಇಪ್ಪತ್ತಕ್ಕೆ ಏರಿಸುತ್ತದೆ, ಆರ್ಡರುಗಳನ್ನು ಬೇಗ ಬಿಡುತ್ತದೆ. ಯಂತ್ರದ ಮುಂದೆ ಸಾಲು ಬೆಳೆದು, ಮುಂದಿನ ಗೇರ್‌ಗೆ ಮೂವತ್ತು ದಿನ ಬೇಕಾಗುತ್ತದೆ. ಉತ್ಪಾದನೆಯ ವೇಗ ಹೆಚ್ಚದಿದ್ದರೆ, ಒಳಗೆ ತುಂಬಿದ ಕೆಲಸವೆಲ್ಲ ಕಾಯುವಿಕೆಯಾಗಿ ಹೊರಬೀಳುತ್ತದೆಂಬುದು 1961ರಲ್ಲಿ ಜಾನ್ ಲಿಟಲ್ ಸಾಧಿಸಿದ ಸೂತ್ರದಿಂದಲೇ ತಿಳಿಯುತ್ತದೆ.

ಮೊದಲಿನ ಎರಡು ಪ್ರಶ್ನೆಗಳನ್ನು ಜೋಡಿಸಲು 1975ರಲ್ಲಿ ಹ್ಯಾಕ್ಸ್ ಮತ್ತು ಮೀಲ್ ಶ್ರೇಣಿಯ ದಾರಿ ಸೂಚಿಸಿದರು: ಮೇಲಿನ ಹಂತದಲ್ಲಿ ವಸ್ತುಗಳ ಗುಂಪಿಗೆ ಯೋಜನೆ, ಕೆಳಗೆ ಒಂದೊಂದು ವಸ್ತುವಿಗೆ. ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಬಿಡಿಸಲು ಏಕೆ ಹೊರಡಲಿಲ್ಲ ಎಂಬುದಕ್ಕೆ ಒಂದು ನಿದರ್ಶನ ಸಾಕು. 1963ರಲ್ಲಿ ಪ್ರಕಟವಾದ, ಹತ್ತು ಕೆಲಸ ಹತ್ತು ಯಂತ್ರಗಳ ಒಂದು ಸಣ್ಣ ಸಮಸ್ಯೆಗೆ ಎಲ್ಲ ಕೆಲಸ ಮುಗಿಯಲು 930 ಕಾಲಘಟಕಗಳೇ ಅತ್ಯುತ್ತಮ ಉತ್ತರವೆಂದು ಸಾಧಿಸಿದ ಲೇಖನ ಕಾರ್ಲಿಯೇ ಮತ್ತು ಪಿನ್ಸೋ ಅವರಿಂದ ಬಂದದ್ದು 1989ರಲ್ಲಿ!

ಟೊಯೋಟಾ ಬೇರೆ ದಾರಿ ಹಿಡಿಯಿತು. ಬಳಸಿದಷ್ಟನ್ನೇ ಮತ್ತೆ ತರಿಸುವ, ತೈಯಿಚಿ ಓನೊ ಅವರ ಕಾನ್‌ಬಾನ್ ಕಾರ್ಡು ಎಲ್ಲರಿಗೂ ಗೊತ್ತು. ಅದರ ಹಿಂದಿರುವ, ದಿನದ ಉತ್ಪಾದನೆಯನ್ನು ಏರುಪೇರಿಲ್ಲದಂತೆ ಹಂಚುವ ಕ್ರಮವನ್ನು ಗಮನಿಸುವವರು ಕಡಿಮೆ. ಆ ಸಮತೋಲವೇ ಪೂರೈಕೆದಾರನಿಗೂ ಉಸಿರಾಡಲು ಬಿಡುವು ಕೊಡುವುದು. ಬಿಡದಿಯ ಟೊಯೋಟಾ ಕಾರ್ಖಾನೆ ನಡೆಯುವುದೂ ಇದೇ ಪದ್ಧತಿಯಲ್ಲಿ.

1988ರಲ್ಲಿ ಸಂಜೀವ್ ಸಿಧು ಮತ್ತು ಕೆನ್ ಶರ್ಮಾ ಕಟ್ಟಿದ ಐ2 ಟೆಕ್ನಾಲಜೀಸ್ ಯಂತ್ರದ ಸಾಮರ್ಥ್ಯವನ್ನೂ ಸಾಮಗ್ರಿಯ ಲಭ್ಯತೆಯನ್ನೂ ಒಟ್ಟಿಗೆ ಲೆಕ್ಕಿಸುವ ತಂತ್ರಾಂಶ ತಂದಿತು. ಅದರ ದೊಡ್ಡ ಅಭಿವೃದ್ಧಿ ಕೇಂದ್ರವೊಂದು ಬೆಂಗಳೂರಿನಲ್ಲಿತ್ತು. ಇತ್ತ ಉದಯ್ ಕರ್ಮಾರ್ಕರ್ ಮೊದಲಾದವರು ಕೆಲಸದ ಹೊರೆಗೆ ತಕ್ಕಂತೆ ಹೊರಬರುವ ಉತ್ಪಾದನೆ ಹೇಗೆ ಬದಲಾಗುತ್ತದೆಂಬ ವಕ್ರರೇಖೆಯನ್ನೇ ಯೋಜನೆಯೊಳಗೆ ತಂದರು. ಲೀಡ್ ಟೈಮಿನ ಹಳೆಯ ಊಹೆಗೆ ನೇರ ಉತ್ತರ ಇದೇ ಎಂಬುದು ನನ್ನ ಅಭಿಪ್ರಾಯ. ದಿನನಿತ್ಯದ ಬಳಕೆಯಲ್ಲಿ ಅದಕ್ಕೆ ಇನ್ನೂ ತಕ್ಕ ಜಾಗ ಸಿಕ್ಕಿಲ್ಲ.

ಲೀಡ್ ಟೈಮಿನ ಲೆಕ್ಕ ಎಷ್ಟು ಮುಖ್ಯ ಎಂಬುದಕ್ಕೆ ಒಂದು ನಿದರ್ಶನ: 2011ರ ಜಪಾನ್ ಭೂಕಂಪದಲ್ಲಿ ಚಿಪ್ ಕಾರ್ಖಾನೆಗಳು ಹಾಳಾದ ಮೇಲೆ ಟೊಯೋಟಾ ತನ್ನ ಪೂರೈಕೆದಾರರಿಂದ ಎರಡರಿಂದ ಆರು ತಿಂಗಳ ಚಿಪ್ ದಾಸ್ತಾನು ಇರಿಸಿತು. ಮಿತ ದಾಸ್ತಾನಿಗೆ ಹೆಸರಾದ ಕಂಪನಿ ಹಾಗೆ ಮಾಡಿದ್ದು, ಚಿಪ್ ತಯಾರಾಗಲು ತಿಂಗಳುಗಳೇ ಬೇಕು ಎಂಬ ಲೆಕ್ಕದ ಮೇಲೆ. 2021ರ ಮೊದಲ ತಿಂಗಳುಗಳಲ್ಲಿ ಇತರರು ಚಿಪ್ ಇಲ್ಲದೆ ಲೈನ್ ನಿಲ್ಲಿಸುತ್ತಿದ್ದಾಗ ಆ ದಾಸ್ತಾನು ಟೊಯೋಟಾವನ್ನು ಕಾಪಾಡಿತು. ವರ್ಷದ ಕೊನೆಯ ಭಾಗದಲ್ಲಿ ಅದೂ ಉತ್ಪಾದನೆ ಇಳಿಸಬೇಕಾಯಿತು.